ಹದಿನಾರಕ್ಕೆ ಒತ್ತಬೇಕಾದ ಡಬ್ಬಿ

2022ರ ಜುಲೈ 24, ಭಾನುವಾರ, ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಇದು ಶುರುವಾಯಿತು. ಜಾಗ ಮಾನ್ವಿ, ಸಿರವಾರ ರಸ್ತೆ, ಒಂದು ಸೌಂಡ್ ಸರ್ವಿಸ್‌ನ ಗೋಡೌನು. ಇಷ್ಟು ನಿಖರವಾಗಿ ಹೇಳಲು ಕಾರಣವಿದೆ. ಆ ಮೊದಲ ಸದ್ದಿಗೆ ಗೋಡೆಯ ಸುಣ್ಣ ಅಂಗೈ ಅಗಲ ಕಳಚಿ ನನ್ನ ಡ್ರಮ್ಮಿನ ಮೇಲೆ ಬಿತ್ತು, ನಾನು ಕೈಗಡಿಯಾರ ನೋಡಿದೆ.

ಆಗ ನನಗೆ ಇಪ್ಪತ್ತೆರಡು. ರಾಯಚೂರಿನ ಒಂದು ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ. ರೈತರು ಪ್ಲಾಸ್ಟಿಕ್ ಚೀಲದಲ್ಲಿ ತರುವ ಮಣ್ಣಿಗೆ ನಂಬರು ಹಚ್ಚಿ, ಒಣಗಿಸಿ, ಜರಡಿ ಹಿಡಿದು, ಫಲಿತಾಂಶ ಬರೆಯುವುದು. ಬರೆಯುವ ಚಟ ಮನೆಗೂ ಬಂದಿತ್ತು. ದಿನಚರಿಯಲ್ಲಿ ತಾರೀಖು, ವೇಳೆ, ಎಣಿಕೆ ಬಿಟ್ಟರೆ ಬೇರೆ ಏನೂ ಬರೆಯುತ್ತಿರಲಿಲ್ಲ. ಈ ಬರಹವೂ ಅಂಥ ಮೂರು ನೋಟ್‌ಬುಕ್ಕುಗಳಿಂದಲೇ ಹುಟ್ಟಿದ್ದು.

ನಾವು ಮೂವರಿದ್ದೆವು. ಗಿಟಾರ್ ನುಡಿಸಿ ಹಾಡುತ್ತಿದ್ದವನು ದೇವದುರ್ಗದವನು, ನನ್ನ ಜೊತೆ ರಾಯಚೂರಿನಲ್ಲಿ ಡಿಪ್ಲೊಮಾ ಓದಿದವನು. ದಪ್ಪ ತಂತಿಯ ಬೇಸ್ ಗಿಟಾರ್ ನುಡಿಸುತ್ತಿದ್ದವನು ಮಾನ್ವಿಯವನು. ಗೋಡೌನು, ಅದರೊಳಗಿನ ಆಳೆತ್ತರದ ಸ್ಪೀಕರುಗಳು, ಆಂಪ್ಲಿಫೈಯರು ಎಲ್ಲ ಅವನ ಅಬ್ಬಾರವು, ಅಂದರೆ ಅಪ್ಪನವು. ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಕನ್ನಡ, ಬೈಯುವಾಗ ಎರಡೂ. ಡ್ರಮ್ ನನ್ನದು. ಪಕ್ಕದಲ್ಲೇ ಅಕ್ಕಿ ಗಿರಣಿ. ಅದು ಓಡುತ್ತಿರುವಷ್ಟು ಹೊತ್ತು ನಾವು ಎಷ್ಟು ಜೋರಾಗಿ ನುಡಿಸಿದರೂ ಯಾರೂ ಬೈಯುತ್ತಿರಲಿಲ್ಲ.

ಆ ದಿನ ಗಿಟಾರಿನವನು ಚೀಲದಿಂದ ಒಂದು ಕಬ್ಬಿಣದ ಡಬ್ಬಿ ತೆಗೆದ. ಇಟ್ಟಿಗೆಯ ಅರ್ಧದಷ್ಟು, ಕಿತ್ತಳೆ ಬಣ್ಣ, ನೆತ್ತಿಯ ಮೇಲೆ ಒಂದು ಗುಂಡಿ. ಗಿಟಾರಿನ ಕೇಬಲ್ಲು ಅದರೊಳಗೆ ಹೋಗಿ ಹೊರಬಂದು ಆಂಪ್ಲಿಫೈಯರಿಗೆ ಸೇರುತ್ತದೆ. ಗುಂಡಿ ಒತ್ತದಿದ್ದರೆ ಸಾದಾ ಗಿಟಾರು, ಒತ್ತಿದರೆ ಸದ್ದು ಹರಿದು, ಒಡೆದು, ಹತ್ತು ಪಟ್ಟಾಗುತ್ತದೆ. ಗ್ರಂಜ್ ಎಂಬ ಸಂಗೀತದ ಅರ್ಧ ಜೀವ ಇರುವುದು ಆ ಗುಂಡಿಯಲ್ಲಿ. ಮೊದಲು ಮೆಲ್ಲಗೆ, ಗೊಣಗಿದ ಹಾಗೆ, ಆಮೇಲೆ ಒಮ್ಮೆಲೇ ಗೋಡೆ ಬಿದ್ದ ಹಾಗೆ. ಜಗತ್ತಿನಲ್ಲೆಲ್ಲ ಅದನ್ನು ನೆಲದ ಮೇಲಿಟ್ಟು ಕಾಲಿನಿಂದ ತುಳಿಯುತ್ತಾರೆ.

ಇವನು ತುಳಿಯಲಿಲ್ಲ. ಚಪ್ಪಲಿ ಬಿಟ್ಟ, ಕಾಲು ಮುಂದೆ ತಂದ, ಹಿಂದೆ ತೆಗೆದುಕೊಂಡ.

"ವಾದ್ಯಕ್ಕ ಕಾಲು ಹಚ್ಚತಾರೇನಲೇ?" ಎಂದ.

"ಅದು ವಾದ್ಯ ಅಲ್ಲ ಬೇ, ಸ್ವಿಚ್ಚು," ಎಂದ ಮಾನ್ವಿಯವನು.

"ಸದ್ದು ಅದರಾಗಿಂದ ಬರ್ತದಿಲ್ಲ? ಹಂಗಾರ ವಾದ್ಯನ."

"ಮತ್ತ ಇವ ಡ್ರಮ್ಮಿಗೆ ಕಾಲಾಗ ಒದಿಯಾಕತ್ತಾನಲ್ಲ, ಅದು?"

ಗಿಟಾರಿನವನು ನನ್ನ ಕಡೆ ನೋಡಿದ. "ಅದು ಅವನ ಪಾಪ," ಎಂದ.

ಇದರ ಹಿಂದೆ ಅವನ ಬಲಗಾಲಿನ ಹೆಬ್ಬೆರಳಿತ್ತು. ಅವನ ಅಜ್ಜ ಭಜನಾ ಮಂಡಳಿಯಲ್ಲಿ ತಬಲಾ ನುಡಿಸುತ್ತಿದ್ದವರು. ಏಳು ವರ್ಷದವನಿದ್ದಾಗ ಇವನು ಆಡುತ್ತಾ ತಬಲಾ ದಾಟಿದ್ದ. ಅಜ್ಜ ಶ್ರುತಿ ಮಾಡುವ ಸುತ್ತಿಗೆಯಿಂದಲೇ ಆ ಹೆಬ್ಬೆರಳಿಗೆ ಹೊಡೆದರು. ಉಗುರು ಮತ್ತೆ ಸರಿಯಾಗಿ ಬೆಳೆಯಲಿಲ್ಲ, ಎರಡು ಸೀಳಾಗಿ, ದಪ್ಪಗೆ, ಕಪ್ಪಗೆ ಉಳಿಯಿತು. ಅಂದಿನಿಂದ ಅವನು ಯಾವ ವಾದ್ಯದ ಹತ್ತಿರವೂ ಚಪ್ಪಲಿ ಹಾಕಿ ಹೋದವನಲ್ಲ. ಅಕಸ್ಮಾತ್ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ, ಹಾಡಿನ ನಡುವೆಯೂ.

ಅವನ ಎರಡು ಕೈಯೂ ಗಿಟಾರಿನ ಮೇಲೆ. ಆದ್ದರಿಂದ ಡಬ್ಬಿ ನನ್ನ ಪಾಲಿಗೆ ಬಂತು. ಬೋರಲು ಹಾಕಿದ ಬಕೆಟ್ಟಿನ ಮೇಲೆ, ನನ್ನ ಎಡಗೈಗೆ ಎಟಕುವ ಹಾಗೆ ಇಟ್ಟೆವು. ಮೆಲುದನಿಯ ಭಾಗದಲ್ಲಿ ನನ್ನ ಎಡಗೈಗೆ ಕೆಲಸವಿರಲಿಲ್ಲ. ಹದಿನಾರು ಎಣಿಸಿ, ಹದಿನಾರಕ್ಕೆ ಅಂಗೈಯಿಂದ ಒತ್ತಬೇಕು. ಹೀಗೆ ನಮ್ಮ ತಂಡದಲ್ಲಿ ಗಿಟಾರು ಅವನದು, ಅದು ಗರ್ಜಿಸುವ ಕ್ಷಣ ನನ್ನದು.

ಸೆಪ್ಟೆಂಬರಿನಲ್ಲಿ ದಿನಚರಿಯ ಒಂದು ಪುಟವನ್ನು ಮೂರು ಕಾಲಮ್ಮು ಮಾಡಿದೆ: ಏಳಿಗೆ, ಇಳಿಕೆ, ಉಳಿದದ್ದು. ಓದಿ ತಿಳಿದದ್ದನ್ನೆಲ್ಲ ತುಂಬಿದೆ. ಅಮೆರಿಕದ ವಾಯವ್ಯ ಮೂಲೆಯಲ್ಲಿ ಮಳೆ ಹಿಡಿದೇ ಇರುವ ಒಂದು ಬಂದರಿನ ಊರು. ಎಂಬತ್ತರ ದಶಕದ ಕೊನೆಯಲ್ಲಿ ಅಲ್ಲಿನ ಹುಡುಗರು ಅಗ್ಗದ ಗಿಟಾರು ಹಿಡಿದು ಕಾರು ನಿಲ್ಲಿಸುವ ಶೆಡ್ಡುಗಳಲ್ಲಿ ಕೊಳೆ ಕೊಳೆಯಾದ ಸದ್ದು ಮಾಡಿದರು. ಆ ಸಂಗೀತದ ಹೆಸರಿಗೂ ಜಿಡ್ಡು, ಕೊಳೆ ಎಂದೇ ಅರ್ಥ. ಮರ ಕಡಿಯುವವರ ಉಣ್ಣೆಯ ಚೌಕಳಿ ಅಂಗಿ, ಹರಿದ ಪ್ಯಾಂಟು. ತೊಂಬತ್ತರ ಮೊದಲ ವರ್ಷಗಳಲ್ಲಿ ಅದೇ ಸದ್ದು ಜಗತ್ತೆಲ್ಲ ಕೇಳಿತು, ಅದೇ ಹರಕು ಅಂಗಿ ದೊಡ್ಡ ಅಂಗಡಿಗಳಲ್ಲಿ ಮಾರಾಟಕ್ಕೆ ಬಂತು. ಆಮೇಲೆ ಅವರಲ್ಲಿ ಎಲ್ಲರಿಗಿಂತ ಹೆಸರಾಗಿದ್ದ ಹಾಡುಗಾರ ತನ್ನ ಜೀವ ತಾನೇ ತೆಗೆದುಕೊಂಡ. ಕೆಲವರನ್ನು ಮಾದಕ ವಸ್ತು ತಿಂದಿತು. ಅನುಕರಿಸುವವರು ಹೆಚ್ಚಾದರು. ನಾವು ಮೂವರು ಹುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಮೂರನೆಯ ಕಾಲಮ್ಮಿಗೆ ಏನು ಬರೆಯಬೇಕೆಂದು ತಿಳಿಯಲಿಲ್ಲ, ಖಾಲಿ ಬಿಟ್ಟೆ.

ಅಂಗಿ ಮಾತ್ರ ಸಿಕ್ಕಿತು. ರಾಯಚೂರಿನಲ್ಲಿ ಫುಟ್‌ಪಾತಿನ ಮೇಲೆ ಹೊರದೇಶದ ಹಳೆ ಬಟ್ಟೆಯ ರಾಶಿ ಹಾಕುತ್ತಾರೆ. ಅದರೊಳಗೆ ಕೈಯಾಡಿಸಿ ಮೂರು ಉಣ್ಣೆಯ ಚೌಕಳಿ ಅಂಗಿ ತೆಗೆದೆವು. ನಮ್ಮ ಊರಿನ ಬಿಸಿಲಿಗೆ ಅದನ್ನು ಹಾಕಿಕೊಂಡು ಶೀಟಿನ ಗೋಡೌನಿನಲ್ಲಿ ನುಡಿಸುವುದು.

"ನಕ್ಕೋ ರೇ, ಬ್ಯಾಡ," ಎಂದು ಮಾನ್ವಿಯವನು ತನ್ನದನ್ನು ಸ್ಪೀಕರಿನ ಮೇಲೆ ಹೊದಿಸಿದ. "ನಾ ಏನ್ ಬಿರಿಯಾನಿನಾ, ದಮ್ ಕೊಡಾಕ?"

ಈಗ ಹೊಡೆತಗಳ ಮಾತು.

ಗಿಟಾರಿನವನಿಗೆ ಸಿಟ್ಟು ಬಂದರೆ ಮೊದಲು ಕೈ, ಆಮೇಲೆ ಬಾಯಿ. ನಾನು ಹದಿನೈದಕ್ಕೆ ಒತ್ತಿದರೂ ಹದಿನೇಳಕ್ಕೆ ಒತ್ತಿದರೂ ಹಾಡು ನಿಲ್ಲುತ್ತಿತ್ತು, ಅವನು ತಿರುಗುತ್ತಿದ್ದ. ಮೊದಲ ಹೊಡೆತ 2022ರ ಆಗಸ್ಟ್ 21, ಕೆನ್ನೆಗೆ. ಎರಡನೆಯದು ಅಕ್ಟೋಬರಿನಲ್ಲಿ, ಬೆನ್ನಿಗೆ, ಮಡಚಿದ ಕೇಬಲ್ಲಿನಿಂದ. ಗುರುತು ಹನ್ನೊಂದು ದಿನ ಇತ್ತು. ಮೂರನೆಯ ಸಲ ನಾನೂ ಕೋಲಿನಿಂದ ಅವನ ಮೊಣಕೈಗೆ ಬಾರಿಸಿದೆ, ಅವನು ನಗುತ್ತಾ, "ಹಾಂ, ಈಗ ಸಿಟ್ಟು ಬಂತಲ್ಲ, ಈ ಸಿಟ್ಟಿನಾಗ ಬಾರಸು," ಎಂದ. ಅಂದು ನಿಜಕ್ಕೂ ಚೆನ್ನಾಗಿ ನುಡಿಸಿದೆವು. ಗೋಡೌನಿನ ಎರಡು ಟ್ಯೂಬ್‌ಲೈಟು ಅವನ ಮುಷ್ಟಿಗೆ ಹೋದವು. ನನ್ನ ಹದಿನಾಲ್ಕು ಜೊತೆ ಕೋಲು ಮುರಿದವು. ಅವನ ಬೆರಳ ರಕ್ತ ಗಿಟಾರಿನ ಬಿಳಿ ತಗಡಿನ ಮೇಲೆ ಒಣಗಿ ಕಂದುಬಣ್ಣಕ್ಕೆ ತಿರುಗಿತ್ತು, ಒರೆಸಲು ಬಿಡುತ್ತಿರಲಿಲ್ಲ. ಮಾನ್ವಿಯವನು ಯಾರ ಮೇಲೂ ಕೈ ಎತ್ತಲಿಲ್ಲ. ಅವನ ಲೆಕ್ಕ ಸೊನ್ನೆ.

ಆದರೆ ನಾನು ಬಿಡಲಿಲ್ಲ. ಪ್ರತಿ ಹೊಡೆತದ ನಂತರ ನನ್ನ ಎಣಿಕೆ ಬಿಗಿಯಾಯಿತು. 2023ರ ಏಪ್ರಿಲ್ ನಂತರ ಒಂದು ಸಲವೂ ತಪ್ಪಿಲ್ಲ. ಅವನು ನನ್ನ ಎಣಿಕೆಯನ್ನು ಎಷ್ಟು ನಂಬಿದನೆಂದರೆ ಒಂದು ರೂಢಿಯನ್ನೇ ಬೆಳೆಸಿಕೊಂಡ. ಮೆಲುದನಿಯ ಹದಿನಾರು ಎಣಿಕೆಯಲ್ಲಿ ಬೇಸ್ ಗಿಟಾರು, ನನ್ನ ಬಲಗೈಯ ತಾಳ ಮಾತ್ರ ನುಡಿಯುತ್ತವೆ. ಅಷ್ಟರಲ್ಲಿ ಅವನು ಸ್ಪೀಕರಿನ ಮುಂದೆ ಮೊಣಕಾಲೂರಿ, ಎಡಗಿವಿಯನ್ನು ಅದರ ಜಾಲರಿಗೆ ಹಚ್ಚಿ, ತಂತಿಯ ಶ್ರುತಿ ನೋಡಿಕೊಳ್ಳುತ್ತಿದ್ದ. ಹದಿಮೂರಕ್ಕೆ ಏಳುತ್ತಿದ್ದ. ಹದಿನಾಲ್ಕು, ಹದಿನೈದಕ್ಕೆ ನಡುವೇದಿಕೆಗೆ ಬರುತ್ತಿದ್ದ. ಹದಿನಾರಕ್ಕೆ ನಾನು ಒತ್ತುತ್ತಿದ್ದೆ. ಒತ್ತಿದಾಗ ಗಿಟಾರು ಸ್ಪೀಕರಿನ ಹತ್ತಿರ ಇದ್ದರೆ ಸದ್ದು ಸದ್ದನ್ನೇ ಹಿಡಿದು ಕಿರುಚುತ್ತದೆ, ಹತ್ತಿರವಿದ್ದ ಕಿವಿಗೆ ಉಳಿಗಾಲವಿಲ್ಲ. ಇದು ಮೂವರಿಗೂ ಗೊತ್ತಿತ್ತು.

ನಮ್ಮ ಏಳಿಗೆಯ ಕಥೆ ಚಿಕ್ಕದು. 2022ರ ನವೆಂಬರ್ 27ರಂದು ಸಿರವಾರದಲ್ಲಿ ಒಂದು ಮೊಬೈಲ್ ಅಂಗಡಿಯ ಆರಂಭಕ್ಕೆ ನುಡಿಸಿದೆವು. ಎರಡನೆಯ ಹಾಡಿಗೆ ಭತ್ತದ ಎತ್ತಿನ ಬಂಡಿಗಳಿಂದ ಇಳಿದು ಬಂದ ಮೂವರು ಪ್ಲಗ್ ಕಿತ್ತರು. ಒಬ್ಬ ನನ್ನ ಕೊರಳಪಟ್ಟಿ ಹಿಡಿದು, "ಎತ್ತು ಬೆದರ್ಯಾವ ನಿಮ್ಮ ಸಲುವಾಗಿ," ಎಂದು ಹೊಟ್ಟೆಗೆ ಗುದ್ದಿದ. 2023ರ ಮಾರ್ಚ್ 5ರಂದು ರಾಯಚೂರಿನ ಒಂದು ಕಾಲೇಜಿನ ಬಯಲಿನಲ್ಲಿ ನುಡಿಸಿದೆವು. ಅಲ್ಲಿ ಇನ್ನೂರು ಹುಡುಗರು ನಿಂತೇ ಕೇಳಿದರು, ಒಬ್ಬರನ್ನೊಬ್ಬರು ತಳ್ಳಾಡಿದರು, ಇಬ್ಬರ ಹಣೆ ಒಡೆಯಿತು, ಇನ್ನೊಂದು ಹಾಡು ಬೇಕೆಂದು ಬೆಂಚು ಬಡಿದರು. ವಾಪಸು ಬರುವಾಗ ಟಂಟಂ ಗಾಡಿಯಲ್ಲಿ ಗಿಟಾರಿನವನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ, ದೇವರ ಪೆಟ್ಟಿಗೆ ಹಿಡಿದ ಹಾಗೆ. "ದೇವದುರ್ಗದಾಗ ಒಮ್ಮಿ ಬಾರಸಬೇಕಲೇ," ಎಂದ. "ನಮ್ಮೂರಾಗ ನಾ ಬರೇ ಬಡಿಸಿಕೊಂಡೀನಿ."

2023ರ ಡಿಸೆಂಬರ್ 17, ಭಾನುವಾರ, ದೇವದುರ್ಗ. ಒಂದು ತರಬೇತಿ ಕೇಂದ್ರದ ವಾರ್ಷಿಕ ಗ್ಯಾದರಿಂಗು, ಸಂಜೆ ನಾಲ್ಕೂವರೆಗೆ ನಮ್ಮ ಸರದಿ. ರಾಯಚೂರಿನಿಂದ ಹೊರಟ ನನ್ನ ಬಸ್ಸಿನ ಟೈರು ದಾರಿಯಲ್ಲಿ ಒಡೆಯಿತು. ನಾನು ಮುಟ್ಟಿದ್ದು 4:55ಕ್ಕೆ. ನನ್ನ ತಂಗಿ ಆ ಊರಿನಲ್ಲೇ ನರ್ಸಿಂಗ್ ಓದುತ್ತಿದ್ದಳು, ಗೆಳತಿಯರನ್ನು ಕರೆದುಕೊಂಡು ಬಂದು ಮೂರನೆಯ ಸಾಲಿನಲ್ಲಿ ಕುಳಿತಿದ್ದಳು. ನಾನು ವೇದಿಕೆಯ ಮೆಟ್ಟಿಲು ಹತ್ತುವಾಗ ಗಿಟಾರಿನವನು ಮೇಲಿನಿಂದ ಇಳಿದು ಬಂದು ಬಾಯಿಯ ಮೇಲೆ ಹೊಡೆದ. ಕೆಳದುಟಿ ಹಲ್ಲಿಗೆ ಸಿಕ್ಕಿ ಸೀಳಿತು.

"ನಮ್ಮೂರಿದು. ಇವತ್ತ ತಡ ಮಾಡ್ತಿ?"

ಅದು ಎಂಟನೆಯ ಹೊಡೆತ. ಮೊದಲ ಏಳಕ್ಕೆ ಗೋಡೌನು ಮಾತ್ರ ಸಾಕ್ಷಿ. ಇದಕ್ಕೆ ಮೂರನೆಯ ಸಾಲು. ತಂಗಿಯ ಪಕ್ಕದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ತಂಗಿ ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು. ನಾನು ರಕ್ತ ನುಂಗಿ ಡ್ರಮ್ಮಿನ ಹಿಂದೆ ಕುಳಿತೆ.

ಮೊದಲ ಎರಡು ಹಾಡಿಗೆ ಜನ ಕುರ್ಚಿ ಬಡಿದು ಡಾನ್ಸ್ ಹಾಡು ಕೇಳಿದರು. ಮೂರನೆಯದರ ಮೆಲುದನಿ ಕೇಳಿಸುತ್ತಿಲ್ಲವೆಂದು ಮಾನ್ವಿಯವನು ಆಂಪ್ಲಿಫೈಯರನ್ನು ಕೊನೆಯವರೆಗೆ ತಿರುಗಿಸಿದ. ಗಿಟಾರಿನವನು ರೂಢಿಯಂತೆ ಸ್ಪೀಕರಿನ ಮುಂದೆ ಮೊಣಕಾಲೂರಿದ. ಎಡಗಿವಿ ಜಾಲರಿಗೆ. ಕಣ್ಣು ಮುಚ್ಚಿದ್ದ. ನಾನು ಅವನನ್ನೇ ನೋಡುತ್ತಾ ಎಣಿಸಿದೆ. ಎಂಟು. ಒಂಬತ್ತು. ಹತ್ತು.

ಹನ್ನೊಂದಕ್ಕೆ ಒತ್ತಿದೆ.

ಕೈ ತಪ್ಪಿ ಬೀಳಲಿಲ್ಲ. ಎಣಿಕೆ ತಪ್ಪಲಿಲ್ಲ. ಆ ರಾತ್ರಿಯ ಪುಟದಲ್ಲಿ 11 ಎಂದು ಬರೆದು ಸುತ್ತು ಹಾಕಿದ್ದೇನೆ, ಅದರ ಮುಂದೆ ಬೇರೆ ಒಂದು ಪದವಿಲ್ಲ.

ಕಬ್ಬಿಣ ಕೊಯ್ಯುವ ಗರಗಸದಂಥ ಕಿರುಚು ಬಂತು. ಅವನು ತಲೆಯ ಎಡಪಕ್ಕವನ್ನು ಎರಡೂ ಕೈಯಿಂದ ಹಿಡಿದು ಮಗ್ಗುಲಾಗಿ ಬಿದ್ದ, ಬಾಯಿ ತೆರೆದಿತ್ತು, ಅವನ ದನಿ ಯಾರಿಗೂ ಕೇಳಲಿಲ್ಲ. ಜನ ಅದನ್ನು ಹಾಡಿನ ಭಾಗವೆಂದು ತಿಳಿದು ಆ ಸಂಜೆ ಮೊದಲ ಸಲ ಸಿಳ್ಳೆ ಹೊಡೆದರು. ಹಿಂದಿನ ಸಾಲಿನವರು ಕುರ್ಚಿ ಎತ್ತಿ ಎಸೆದರು. ಮುಂದಿನವರು ತಿರುಗಿ ಬಿದ್ದರು. ಒಂದು ಪ್ಲಾಸ್ಟಿಕ್ ಕುರ್ಚಿಯ ಕಾಲು ನನ್ನ ಹುಬ್ಬಿಗೆ ತಾಗಿತು. ಮಾನ್ವಿಯವನು ಆಂಪ್ಲಿಫೈಯರಿನ ಮೇಲೆ ಬಿದ್ದು ಅದನ್ನು ಆರಿಸುವಷ್ಟರಲ್ಲಿ, ಕಾರ್ಯಕ್ರಮಕ್ಕೆ ಕರೆಂಟು ಕೊಡುತ್ತಿದ್ದ ಬಾಡಿಗೆ ಜನರೇಟರಿನವನು ವೇದಿಕೆಗೆ ಹತ್ತಿದ. ನಲವತ್ತರ ಆಸುಪಾಸಿನ ಗಟ್ಟಿ ಆಳು. ಆ ಸದ್ದಿಗೆ ಅವನ ಜನರೇಟರು ಎರಡು ಸಲ ಕೆಮ್ಮಿ ನಿಲ್ಲುವ ಹಾಗಾಗಿತ್ತು. ಬಿದ್ದಿದ್ದ ಗಿಟಾರಿನವನನ್ನು ಅಂಗಿ ಹಿಡಿದು ಎತ್ತಿ, "ನನ್ನ ಮಿಷನ್ ಸುಡ್ತಿಯೇನಲೇ ಮಗನ," ಎಂದು ಕಪಾಳಕ್ಕೆ ಬಿಟ್ಟ. ಅದೂ ಎಡಗಡೆಗೇ. ಇವನು ಮತ್ತೆ ಬಿದ್ದಾಗ ಕಿವಿಯಿಂದ ರಕ್ತ ಬಂತು. ಎಲ್ಲರೂ ನೋಡಿದ್ದು ಅದನ್ನು.

ರಾಯಚೂರಿನಲ್ಲಿ ಕಿವಿಯ ಡಾಕ್ಟರು ತಮಟೆ ಹರಿದಿದೆ, ಒಳಗಿನ ನರವೂ ಹೋಗಿದೆ ಎಂದರು. "ಏಟಿಗೂ ಹಿಂಗ ಆಗ್ತದ, ದೊಡ್ಡ ಸೌಂಡಿಗೂ ಆಗ್ತದ," ಎಂದರು. ಗಿಟಾರಿನವನ ಅಣ್ಣ ಮೊದಲ ಅರ್ಧ ಮಾತ್ರ ಕೇಳಿಸಿಕೊಂಡ. ನಾನು ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ.

ಡಿಸೆಂಬರ್ 21ರ ಮಧ್ಯಾಹ್ನ ಅಣ್ಣ ಮತ್ತು ಅವನ ಗೆಳೆಯರು ಜನರೇಟರಿನವನ ಶೆಡ್ಡಿಗೆ ಹೋಗಿ, ಅವನ ಬಲಗೈಯನ್ನು ಎಂಜಿನ್ನಿನ ಮೇಲಿಟ್ಟು ರಾಡಿನಿಂದ ಹೊಡೆದರು. ಎಷ್ಟು ಹೊಡೆತವೆಂದು ನನಗೆ ಗೊತ್ತಿಲ್ಲ. ನನ್ನ ಎಣಿಕೆಯಲ್ಲಿ ಖಾಲಿ ಉಳಿದಿರುವ ಒಂದೇ ಅಂಕಿ ಅದು. ಮೂರು ಬೆರಳು ಮುರಿದವು.

2024ರ ಜನವರಿ 7ರಂದು ಅವನ ಶೆಡ್ಡಿಗೆ ಹೋದೆ, ಹೇಳಿಬಿಡಬೇಕೆಂದು. ಕೈಗೆ ಪಟ್ಟಿ ಇತ್ತು. ಎಂಜಿನ್ ಎಬ್ಬಿಸಲು ಹ್ಯಾಂಡಲ್ ತಿರುಗಿಸಬೇಕು, ಅದನ್ನು ಹೆಂಡತಿ ತಿರುಗಿಸುತ್ತಿದ್ದಳು.

"ನಾ ಹೊಡದೀನಿ, ಸುಳ್ಳಲ್ಲ," ಎಂದ. "ಆದರ ನೀನ ಹೇಳು ತಮ್ಮಾ, ನಾ ಮ್ಯಾಗ ಬರೂಕಿಂತ ಮೊದಲ ಅವ ಕಿವಿ ಹಿಡಕೊಂಡು ಬಿದ್ದಿದ್ದ ಹೌದಿಲ್ಲ? ನೀ ಅಲ್ಲೇ ಕುಂತಿದ್ದಿ."

ನಾನು, "ನನಗ ಕಾಣಲಿಲ್ರಿ, ಹುಬ್ಬಿನ ರಕ್ತ ಕಣ್ಣಾಗ ಇಳಿದಿತ್ತು," ಎಂದೆ. ಕುರ್ಚಿ ನನಗೆ ತಾಗಿದ್ದು ಗಿಟಾರಿನವನು ಬಿದ್ದ ಮೇಲೆ.

ಗಿಟಾರಿನವನು ಮತ್ತೆ ಗೋಡೌನಿಗೆ ಬಂದದ್ದು ಫೆಬ್ರವರಿ 11, ಬೆಳಿಗ್ಗೆ 11:20. ಶ್ರುತಿ ಮಾಡಲು ಕುಳಿತ. ಎಡಗಿವಿಯಲ್ಲಿ ಸದಾ ಒಂದು ಶಿಳ್ಳೆ, ಬಲಗಿವಿಯಲ್ಲಿ ಅದರ ನೆರಳು. ಇಪ್ಪತ್ತು ನಿಮಿಷ ತಂತಿ ತಿರುವಿದ, ಒಂದು ಹರಿಯಿತು. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ. ಗಿಟಾರು ಕೆಳಗಿಟ್ಟು ಕೇಳಿದ:

"ಅವತ್ತ ಎಷ್ಟಕ್ಕ ಒತ್ತಿದಿ?"

"ಹದಿನಾರಕ್ಕ," ಎಂದೆ.

ಅವನು ಹರಿದ ತಂತಿಯನ್ನು ಬೆರಳಿಗೆ ಸುತ್ತಿಕೊಂಡ. "ನಾ ಹನ್ನೊಂದು ಎಣಿಸಿದ್ದೆ. ಹಂಗಾರ ತಪ್ಪು ನಂದೇ ಇರಬೇಕು. ನೀ ಎಣಿಕಿ ತಪ್ಪವ ಅಲ್ಲ." ಆಮೇಲೆ, "ತಾಳನ ಹೋತಂದ್ರ ಕಿವಿ ಇದ್ದೇನು, ಇಲ್ಲದೇನು," ಎಂದ.

ಡಬ್ಬಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಬಕೆಟ್ಟಿನ ಮೇಲೆಯೇ ಬಿಟ್ಟ. ಗಿಟಾರು ಮಾತ್ರ ಹೆಗಲಿಗೇರಿಸಿ ಹೋದ. ಮಾರ್ಚ್ ಮೊದಲ ವಾರದಿಂದ ಅವನ ಫೋನು ಬಂದ್. ಅವನ ಅಣ್ಣ ಮೊದಲು, "ಹೈದರಾಬಾದಿಗೆ ಹೋಗ್ಯಾನ," ಎಂದ, ಆಮೇಲೆ ಪುಣೆ ಎಂದ, ಈಗ ಏನೂ ಹೇಳುವುದಿಲ್ಲ.

ಮಾನ್ವಿಯವನಿಗೆ ನಾನು ನಿಜ ಹೇಳಿದ್ದು ಹೋದ ವರ್ಷ, 2025ರ ಜೂನ್ 15ರಂದು. ಅವನು ಕೇಬಲ್ ಸುತ್ತುತ್ತಿದ್ದ. ಸುತ್ತುವುದನ್ನು ಮುಗಿಸಿ, ಗೂಟಕ್ಕೆ ಹಾಕಿ, ಬಂದು ನನ್ನ ಕಿವಿಯ ಮೇಲೆ ಹೊಡೆದ. ಅವನ ಲೆಕ್ಕ ಒಂದಾಯಿತು.

"ಇದು ಅವನ ಪರವಾಗಿ ಅಲ್ಲ ಬೇ," ಎಂದ. "ಜನರೇಟರ್ ಭಾಯಿ ಪರವಾಗಿ."

ಮುಂದಿನ ಭಾನುವಾರ ಇಬ್ಬರೂ ದೇವದುರ್ಗಕ್ಕೆ ಹೋದೆವು. ನಾನು ಜನರೇಟರಿನವನಿಗೂ ಅಣ್ಣನಿಗೂ ಒಂದೇ ಅಂಗಳದಲ್ಲಿ ನಿಂತು ಹೇಳಿದೆ. ಅಣ್ಣ ನನ್ನನ್ನು ಕೆಡವಿ ಒದ್ದ, ಪಕ್ಕೆಲುಬು ಒಂದು ಬಿರುಕು ಬಿಟ್ಟಿತು. ಬಿಡಿಸಿದವನು ಜನರೇಟರಿನವನೇ, ಎಡಗೈಯಿಂದ. ಬಲಗೈಯ ಮೂರು ಬೆರಳು ಈಗಲೂ ಮಡಚುವುದಿಲ್ಲ. "ಇವಗ ಒದ್ದರ ನನ್ನ ಬೆರಳು ಬರ್ತಾವೇನೋ?" ಎಂದು ಅಣ್ಣನನ್ನು ಕೇಳಿದ. ನನ್ನ ಕಡೆ ನೋಡದೆ ಹೊರಟುಹೋದ.

ಡಬ್ಬಿ ಈಗ ಮಾನ್ವಿಯಲ್ಲೇ ಇದೆ. ಅವರ ಸೌಂಡ್ ಸರ್ವಿಸ್ ಮದುವೆ ಮೆರವಣಿಗೆಗೆ ಬೆಂಜೋ ಪಾರ್ಟಿ ಕಳಿಸುತ್ತದೆ. ಆ ಬೆಂಜೋ ಎಂಬ ತಂತಿವಾದ್ಯಕ್ಕೆ ಡಬ್ಬಿ ಹಚ್ಚಿದ್ದಾರೆ. ಮೊದಲು ಮೆಲ್ಲಗೆ, ಆಮೇಲೆ ಒಮ್ಮೆಲೇ ಹರಿದ ಗರ್ಜನೆ, ಮದುಮಗನ ಕುದುರೆ ಕಿವಿ ನಿಮಿರಿಸುತ್ತದೆ, ಹುಡುಗರು ಹುಚ್ಚೆದ್ದು ಕುಣಿಯುತ್ತಾರೆ. ನೀರಮಾನ್ವಿ, ಬಾಗಲವಾಡದ ಕಡೆಯೂ ಈಗ ಅದೇ ಸದ್ದು ಕೇಳುತ್ತಾರಂತೆ. ಮಳೆಯ ಆ ಬಂದರಿನ ಹೆಸರು ಯಾರಿಗೂ ಗೊತ್ತಿಲ್ಲ. ಡಬ್ಬಿಯನ್ನು ಇನ್ನೂ ಕೈಯಿಂದಲೇ ಒತ್ತುತ್ತಾರೆ, ಯಾಕೆಂದು ಕೇಳಿದರೆ, "ಮೊದಲಿಂದ ಹಂಗ ಅದ," ಎನ್ನುತ್ತಾರೆ. ದಿನಚರಿಯ ಮೂರನೆಯ ಕಾಲಮ್ಮಿಗೆ ಇಷ್ಟನ್ನು ಬರೆದುಕೊಂಡೆ. ಅದರ ಕೆಳಗೆ: ಒಂದು ಕಿವಿ, ಮೂರು ಬೆರಳು.

ಇನ್ನೊಂದು ಸಾಲು ಬಾಕಿ ಇದೆ, ಅದು ನನ್ನೊಬ್ಬನಿಂದ ಆಗುವುದಲ್ಲ. ಯಾವ ಊರಿನಲ್ಲಾದರೂ, ಹೋಟೆಲಿನ ವೇದಿಕೆಯಲ್ಲೋ ವಾದ್ಯ ರಿಪೇರಿ ಅಂಗಡಿಯಲ್ಲೋ, ಇಪ್ಪತ್ತಾರರ ಆಸುಪಾಸಿನ ಒಬ್ಬನನ್ನು ನೀವು ಕಂಡಿರಬಹುದು. ಎಡಗಡೆಯಿಂದ ಕರೆದರೆ ತಿರುಗುವುದಿಲ್ಲ. ಗಿಟಾರಿನ ಹತ್ತಿರ ಚಪ್ಪಲಿ ಬಿಡುತ್ತಾನೆ. ಬಲಗಾಲಿನ ಹೆಬ್ಬೆರಳ ಉಗುರು ಎರಡು ಸೀಳು. ವಾದ್ಯಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಅವನು ಗಿಟಾರು ಮಾರಿದ್ದರೂ, ಮಾರಿದ ಅಂಗಡಿ ಗೊತ್ತಿದ್ದರೂ ಸಾಕು, ದಯವಿಟ್ಟು ಇದನ್ನು ಅಚ್ಚು ಹಾಕಿದವರ ವಿಳಾಸಕ್ಕೆ ನನಗೆ ಬರೆಯಿರಿ. ಬರೆಯುವ ಮೊದಲು, ಸಾಧ್ಯವಾದರೆ, ಅವನ ಬಲಗಡೆಗೆ ಹೋಗಿ ನಿಂತು ಹೇಳಿ: ಅವತ್ತು ಒತ್ತಿದ್ದು ಹನ್ನೊಂದಕ್ಕೇ, ಅವನು ಎಣಿಸಿದ್ದು ಸರಿಯಾಗಿತ್ತು.